ಮ್ಯಾನೇಜರ್ ಮಗಳಿಗೆ ಸ್ಕಾಲರ್‌ಶಿಪ್ಪು

"ನಿಮ್ಮ ಮಗಳು ಲೆಕ್ಕಕ್ಕೆ ಕರ್ನಾಟಕದವಳೇ ಅಲ್ಲ ಮೇಡಮ್."

ಕಾಲೇಜೊಂದರ ಆಫೀಸಿನಲ್ಲಿ ಗಾಜಿನ ಕಿಂಡಿಯ ಆಚೆ ಕೂತಿದ್ದ ಹುಡುಗ ಹೀಗೆ ಹೇಳಿದ. ನನ್ನ ಪಕ್ಕದಲ್ಲಿ ನಿಂತಿದ್ದ ಮಗಳು ಚೈತ್ರ, "ಮತ್ಯಾವೂರೋಳಂತೆ ಕೇಳವ್ವ" ಎಂದಳು. ಇವಳು ಹುಟ್ಟಿದ್ದು ನಾಗಮಂಗಲದ ಆಸ್ಪತ್ರೆಯಲ್ಲಿ. ಹೆಸರಿಟ್ಟದ್ದು ದೇವಲಾಪುರದ ಹತ್ತಿರದ ನಮ್ಮೂರಿನಲ್ಲಿ. ಇನ್ನೂ ಮಾತು ಸರಿಯಾಗಿ ಬಾರದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಮಾನ್ ದೇಶದ ಸಲಾಲಾ ಎಂಬ ಊರಿಗೆ ಹೋಗಿದ್ದೆ, ಹನ್ನೆರಡನೇ ಕ್ಲಾಸು ಮುಗಿಸಿದ ಹುಡುಗಿಯನ್ನು ಕರೆದುಕೊಂಡು ವಾಪಸ್ಸು ಬಂದಿದ್ದೆ. ಅಷ್ಟರಲ್ಲಿ ಯಾರೋ ನಮ್ಮನ್ನು ಲೆಕ್ಕದಿಂದ ತೆಗೆದುಹಾಕಿದ್ದರು. ಸರ್ಕಾರಿ ಕೋಟಾದ ಸೀಟಿಗೆ ಇಷ್ಟು ವರ್ಷ ಇಲ್ಲಿಯ ಶಾಲೆಯಲ್ಲೇ ಓದಿರಬೇಕಂತೆ, ಇಲ್ಲವಾದರೆ ಪೂರ್ತಿ ಫೀಸು ಕಟ್ಟಿ ಸೇರಬೇಕಂತೆ. "ಎನ್ನಾರೈ ಕೋಟಾದಲ್ಲಾದ್ರೆ ಇವತ್ತೇ ಸೀಟು ಮೇಡಮ್" ಎಂದು ಆ ಹುಡುಗ ನನ್ನ ಕೈಚೀಲ ನೋಡಿ ನಕ್ಕ. ಕೈಚೀಲದಲ್ಲಿ ಬಾಳೆಹಣ್ಣು, ನೀರಿನ ಬಾಟಲಿ ಬಿಟ್ಟರೆ ಇನ್ನೇನೂ ಇರಲಿಲ್ಲ.

ಸಲಾಲಾದ ನನ್ನ ಗೆಳತಿಯರು ಈಗಲೂ ಫೋನು ಮಾಡಿ ಕೇಳುತ್ತಾರೆ. ಅಲ್ಲಿ ಮಕ್ಕಳಿಗೆ ಸ್ಕಾಲರ್‌ಶಿಪ್ಪು ಹೇಗೆ ಸಿಗುತ್ತದೆ ಮಂಗಳಾ, ಯಾರನ್ನು ಹಿಡಿಯಬೇಕು, ಎಲ್ಲಿ ಮನೆ ಮಾಡಬೇಕು ಎಂದು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಸಿಹಿ ಮಾತು ಬೇಕಾದವರು ಬೇರೆ ಕಡೆ ಓದಿಕೊಳ್ಳಿ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ನಾವು ಮನೆ ಮಾಡಿದ್ದು ಪಾಂಡವಪುರದಲ್ಲಿ, ರೈಲ್ವೆ ಸ್ಟೇಷನ್ನಿನ ಕಡೆ, ಮಹಡಿ ಮೇಲಿನ ಎರಡು ಕೋಣೆ. ಊರಿನ ಮನೆಯಲ್ಲಿ ಗಂಡನ ಅಣ್ಣ, ನನ್ನ ಭಾವ ನಂಜೇಗೌಡರ ಸಂಸಾರವಿದೆ. ಅಲ್ಲಿಂದ ದಿನಾ ಕಾಲೇಜಿಗೆ ಓಡಾಡುವುದು ಆಗದ ಮಾತು, ಪಾಂಡವಪುರದಿಂದಾದರೆ ಮೈಸೂರಿನ ಕಡೆಗೆ ರೈಲಿದೆ. ಮನೆ ಓನರಮ್ಮ ಮೊದಲ ದಿನವೇ ಮೇಲೆ ಬಂದು, "ಏಸಿ ಇಲ್ದೆ ಇರಾಕಾಯ್ತದೇನವ್ವ ನಿಮ್ಗೆ?" ಎಂದು ಕನಿಕರಪಟ್ಟರು. ಸಲಾಲಾದಲ್ಲಿ ನಮಗಿದ್ದದ್ದು ಕಂಪನಿಯ ಹಳೇ ಕ್ವಾರ್ಟರ್ಸು. ಅಲ್ಲಿಯ ಏಸಿ ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತಿತ್ತು. ಹೇಳಿದರೆ ನಂಬುವುದಿಲ್ಲ. ಫಾರಿನ್ನಿನವರು ಅಂದಮೇಲೆ ಮುಗಿಯಿತು, ಇಲ್ಲಿಯ ಜನ ನಮ್ಮ ಬಡತನವನ್ನೂ ನಂಬುವುದಿಲ್ಲ.

ಅಲ್ಲಿ ಬೀದಿಗೆ ಇಳಿದರೆ ಲುಬಾನ್ ವಾಸನೆ. ಲುಬಾನ್ ಅಂದರೆ ನಮ್ಮ ಸಾಂಬ್ರಾಣಿಯ ಥರದ ಧೂಪ, ಅದರ ಮರ ಬೆಳೆಯುವುದೇ ಆ ಕಡೆಯ ಗುಡ್ಡಗಳಲ್ಲಿ. ಇಲ್ಲಿ ಕಿಟಕಿ ತೆಗೆದರೆ ಆಲೆಮನೆಯಲ್ಲಿ ಬೆಲ್ಲ ಕಾಯುವ ವಾಸನೆ. ಎಳೆ ವಯಸ್ಸಿನಲ್ಲಿ ಆ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು, ಈಗ ತಲೆ ನೋಯುತ್ತದೆ. ಅಲ್ಲಿ ಖರೀಫ್ ಎಂದು ಜಿಟಿಜಿಟಿ ಮಳೆಯ ಕಾಲವೊಂದಿದೆ, ಆ ತುಂತುರು ನೋಡುವುದಕ್ಕೆ ಅರಬರು ಎಲ್ಲೆಲ್ಲಿಂದಲೋ ಕಾರು ಕಟ್ಟಿಕೊಂಡು ಬಂದು ರಸ್ತೆ ಬದಿ ಚಾಪೆ ಹಾಸಿ ಕೂರುತ್ತಾರೆ. ಪಾಂಡವಪುರದಲ್ಲಿ ಮಳೆ ಬಂದಾಗ ಚೈತ್ರ ತಾರಸಿಗೆ ಓಡಿ ನಿಂತರೆ, ಓನರಮ್ಮ ಕೆಳಗಿನಿಂದ ಬಟ್ಟೆ ಎತ್ತಿಕೊಂಡು ಬಾ ಎಂದು ಕೂಗಿದರು. ಅಲ್ಲಿ ಶುಕ್ರವಾರ ಶಾಲೆಗೆ ರಜೆ. ಅವತ್ತು ನನ್ನ ಗಂಡ ಮಧ್ಯಾಹ್ನದ ಪಾಳಿಗೆ ಹೋಗುವವರೆಗೂ ಮನೆಯಲ್ಲಿ ಇರುತ್ತಿದ್ದರು. ಈಗಲೂ ಶುಕ್ರವಾರ ಬೆಳಗ್ಗೆ ಎದ್ದು ಎರಡು ಲೋಟ ಹೆಚ್ಚಿಗೆ ಕಾಫಿ ಸೋಸುತ್ತೇನೆ, ಆಮೇಲೆ ಒಬ್ಬಳೇ ಕುಡಿಯುತ್ತೇನೆ.

ಚೈತ್ರಳ ಪಾಡು ಇನ್ನೊಂದು ಥರ. ಅಲ್ಲಿ ಅವಳಿಗೆ ಕನ್ನಡ ಕಲಿಸಿದವರು ನಾವಿಬ್ಬರೇ, ಹಾಗಾಗಿ ಅವಳ ಕನ್ನಡ ದೇವಲಾಪುರದ ಸಂತೆಯಿಂದ ನೇರವಾಗಿ ಎದ್ದು ಬಂದದ್ದು. ಇಲ್ಲಿಯ ಹುಡುಗಿಯರು ಅರ್ಧ ಇಂಗ್ಲಿಷಿನಲ್ಲಿ ಮಾತಾಡುವಾಗ ಇವಳು "ಅಂಗಲ್ಲ ಕಣೆ, ಇಂಗೆ" ಅನ್ನುತ್ತಾಳೆ. ಫಾರಿನ್ನಿಂದ ಬಂದ ಹುಡುಗಿ ಅಜ್ಜಿ ಥರ ಮಾತಾಡುತ್ತಾಳೆಂದು ಅವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರಂತೆ. ನನಗೆ ಮೈಯೆಲ್ಲ ಉರಿಯಿತು. ಅವಳು ಮಾತ್ರ, "ನಗ್ಲಿ ಬುಡವ್ವ, ಪರೀಕ್ಸೆ ಇಂಗ್ಲೀಸಲ್ಲಿ ತಾನೆ" ಎಂದು ಸುಮ್ಮನಾದಳು.

ಅವಳು ಓದಬೇಕೆಂದದ್ದು ಫಿಸಿಯೋಥೆರಪಿ. ಅಪ್ಪನ ಬೆನ್ನು, ಹೆಗಲು ನೀವಿ ನೀವಿಯೇ ಅವಳಿಗೆ ಅದು ಹತ್ತಿದ್ದು. ನನ್ನ ಗಂಡ ಕೃಷ್ಣೇಗೌಡರು ಕೆಲಸ ಮಾಡುವುದು ಸಲಾಲಾದ ಹೊರಗಿನ ಒಂದು ಮಜ್ರಾದಲ್ಲಿ. ಮಜ್ರಾ ಅಂದರೆ ಜಮೀನು, ತೋಟ. ಇದು ಹಸುಗಳ ಮಜ್ರಾ. ಮರಳುಗಾಡಿನ ನಡುವೆ ಉದ್ದುದ್ದ ಶೆಡ್ಡುಗಳು, ಅದರ ತುಂಬ ಸೀಮೆಹಸುಗಳು. ಅವುಗಳ ಕೆಚ್ಚಲು ತೊಳೆದು, ಹಾಲು ಕರೆಯುವ ಮಿಷನ್ನು ಸಿಕ್ಕಿಸಿ, ಬಿಚ್ಚಿ, ನೆಲ ತೊಳೆಯುವುದು ಅವರ ಕೆಲಸ. ನಾನು ಇಂಡಿಯನ್ ಸ್ಕೂಲೊಂದರಲ್ಲಿ ಆಯಾ ಆಗಿದ್ದೆ. ಅದರಿಂದಲೇ ಚೈತ್ರಳಿಗೆ ಅಲ್ಲಿ ಫೀಸಿನ ರಿಯಾಯಿತಿ ಸಿಕ್ಕಿತ್ತು. ಆದರೆ ಊರಿನಲ್ಲಿ ನನ್ನ ಗಂಡ ಮ್ಯಾನೇಜರು. ವಿಮಾನ ಹತ್ತಿದ ದಿನವೇ ಭಾವ ಹಾಗೆಂದು ಸಾರಿದ್ದರು. ನಾಗಮಂಗಲದಿಂದ ಅಷ್ಟು ದೂರ ಹೋಗಿ ಹಸು ಕರೆಯುತ್ತಾನೆಂದರೆ ಊರಿನವರು ನಗುವುದಿಲ್ಲವೇ ಎಂಬುದು ಅವರ ವಾದ.

ಸ್ಕಾಲರ್‌ಶಿಪ್ಪು ಹುಡುಕುವುದಕ್ಕೆ ಹೊರಟಮೇಲೆ ನನಗೆ ತಿಳಿದದ್ದನ್ನು ಹೇಳುತ್ತೇನೆ, ಗೆಳತಿಯರೇ, ಕಿವಿಗೊಟ್ಟು ಕೇಳಿ. ಇಲ್ಲಿಯ ಮಕ್ಕಳಿಗೆಂದು ಇರುವ ಹೆಚ್ಚಿನವು ನಮ್ಮ ಮಕ್ಕಳಿಗೆ ಇಲ್ಲ, ಯಾಕೆಂದರೆ ಅವರು ಇಲ್ಲಿ ಓದಿಲ್ಲ. ಹೊರದೇಶದ ಮಕ್ಕಳಿಗೆಂದು ಇರುವುದರಲ್ಲಿ ಕೆಲವು ಹೊರದೇಶದ ಪಾಸ್‌ಪೋರ್ಟ್ ಇದ್ದವರಿಗೆ, ನಮ್ಮದು ಇಂಡಿಯಾದ್ದು. ಇನ್ನು ಕೆಲವಕ್ಕೆ ಕಾಲೇಜು ಸೇರುವ ಮುಂಚೆ ಅಲ್ಲಿಂದಲೇ ಅರ್ಜಿ ಹಾಕಬೇಕು. ನೀವು ಇಲ್ಲಿ ಬಂದು ಮನೆ ಮಾಡಿ ಹಾಲು ಉಕ್ಕಿಸುವ ಹೊತ್ತಿಗೆ ಅವು ಮುಗಿದಿರುತ್ತವೆ. ಮಗು ಹನ್ನೊಂದನೇ ಕ್ಲಾಸಿನಲ್ಲಿರುವಾಗಲೇ ಸ್ಕೂಲಿನ ಆಫೀಸಿನಲ್ಲಿ ಕೇಳಿ, ರಾಯಭಾರ ಕಚೇರಿಯಲ್ಲಿ ಕೇಳಿ, ನಾಚಿಕೊಳ್ಳಬೇಡಿ. ಅಲ್ಲಿಯ ಕನ್ನಡ ಸಂಘದ ದೊಡ್ಡವರನ್ನು ನಂಬಬೇಡಿ. ರಾಜ್ಯೋತ್ಸವಕ್ಕೆ ಚಿತ್ರಾನ್ನ ಕಲಸುವುದಕ್ಕೆ ನಾಲ್ಕು ಸಲ ಫೋನು ಮಾಡಿದವರು ನಾನು ಸ್ಕಾಲರ್‌ಶಿಪ್ಪು ಅಂದ ದಿನದಿಂದ ನನ್ನ ಫೋನು ಎತ್ತಿಲ್ಲ. ಅವರ ಹೆಸರುಗಳೆಲ್ಲ ನನಗೆ ನೆನಪಿವೆ.

ಕೊನೆಗೆ ಸಿಕ್ಕಿದ್ದು ಶ್ರೀರಂಗಪಟ್ಟಣದಲ್ಲಿ. ಕೋಟೆಯೊಳಗಿನ ಒಂದು ಹಳೇ ಮನೆಯಲ್ಲಿ ನಡೆಯುವ ಸಣ್ಣ ಟ್ರಸ್ಟು. ಹಿಂದೆ ಸಮುದ್ರ ದಾಟಿ ಹೋಗಿ ದುಡಿದು ಬಂದ ಕೆಲವರು ಸೇರಿ ಕಟ್ಟಿದ್ದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಿಂದ ಹೋಗಿ ಅಲ್ಲಿ ಮೈಮುರಿದು ಕೆಲಸ ಮಾಡುವವರ ಮಕ್ಕಳಿಗೆ ಮಾತ್ರ ಅವರು ಕಾಲೇಜಿನ ಫೀಸು ಕಟ್ಟುತ್ತಾರೆ. ಸಾಹೇಬರ ಮಕ್ಕಳಿಗಿಲ್ಲ. ಅಲ್ಲಿಯ ಸಂಬಳದ ಚೀಟಿಯನ್ನು ಅವರು ನಂಬುವುದಿಲ್ಲ, ಹಿಂದೆ ಮೋಸ ಹೋಗಿದ್ದಾರಂತೆ. ಅದಕ್ಕೇ ಊರಿಗೇ ಹೋಗಿ ವಿಚಾರಿಸುತ್ತಾರೆ. ಆ ಕೆಲಸ ಶಿವಣ್ಣ ಮೇಷ್ಟ್ರದ್ದು. ರಿಟೈರಾದ ಹೈಸ್ಕೂಲು ಮೇಷ್ಟ್ರು. ಚೈತ್ರಳ ಮಾರ್ಕ್ಸು ನೋಡಿ ಅವರ ಮುಖ ಅರಳಿತು, ನಾನು ಆಗಲೇ ಗೆದ್ದೆ ಅಂದುಕೊಂಡೆ.

ಎರಡನೇ ಸಲ ಹೋದಾಗ ಅದೇ ಮೇಷ್ಟ್ರು ನನ್ನ ಕಡೆ ಸರಿಯಾಗಿ ನೋಡಲೇ ಇಲ್ಲ.

"ತಾಯಿ, ನಿಮ್ಮೂರಿಗೆ ಹೋಗ್ಬಂದೆ. ಸಾಯಂಕಾಲ ಹಾಲಿನ ಡೈರಿ ಮುಂದೆ ಎಲ್ರೂ ಸಿಗ್ತಾರಲ್ಲ, ಅಲ್ಲೇ ಕೇಳಿದೆ. ನಿಮ್ಮೋರು ಅಲ್ಲಿ ಮ್ಯಾನೇಜರಂತೆ."

"ಯಾರಂದ್ರು ಮೇಷ್ಟ್ರೆ?"

"ಎಲ್ರೂ ಅಂದ್ರು. ನಿಮ್ಮ ಭಾವನೋರು ಡೈರಿ ಸೆಕ್ರೆಟರಿ ಅಲ್ವಾ, ಕುರ್ಚಿ ಹಾಕಿ ಕೂರ್ಸಿ ಹೇಳಿದ್ರು. ಸಾವಿರ ಹಸ ತಮ್ಮನ ಕೈಕೆಳಗವೆ, ನಾವು ಧರ್ಮಕ್ಕೆ ಕೈ ಒಡ್ಡೋ ಮನೆಯೋರಲ್ಲ ಅಂದ್ರು."

ಸಾವಿರ ಹಸು ನನ್ನ ಗಂಡನ ಕೈಕೆಳಗಿರುವುದು ನಿಜ. ಕೈಕೆಳಗೆ ಬಗ್ಗಿಯೇ ಅಲ್ಲವೇ ಕೆಚ್ಚಲು ತೊಳೆಯುವುದು. ನಾನು ಎಷ್ಟು ಹೇಳಿದರೂ ಮೇಷ್ಟ್ರು ತಲೆಯಾಡಿಸಿದರು. ಕಮಿಟಿಯವರು ಕೂರುವುದಕ್ಕೆ ಇನ್ನು ಹೆಚ್ಚು ದಿನವಿರಲಿಲ್ಲ. ಕೊನೆಗೆ, "ನಾನು ಇನ್ನೊಂದು ಸಲ ಬರ್ತೀನಿ. ಆದ್ರೆ ಅವತ್ತು ಹೇಳಿದ ಜನವೇ, ಅದೇ ಜಾಗದಲ್ಲಿ, ಅದು ಸುಳ್ಳು ಅಂತ ಹೇಳ್ಬೇಕು" ಎಂದರು.

ಅಲ್ಲಿಂದ ನೇರವಾಗಿ ಬಸ್ಸು ಹಿಡಿದು ಊರಿಗೆ ಹೋದೆ. ಭಾವ ಹಿತ್ತಲಲ್ಲಿ ಸೀಮೆಹುಲ್ಲು ಕತ್ತರಿಸುತ್ತಿದ್ದರು. ಅಕ್ಕ, ಅಂದರೆ ಅವರ ಹೆಂಡತಿ, ಮಜ್ಜಿಗೆ ತಂದುಕೊಟ್ಟರು. ನಾನು ಮುಟ್ಟಲಿಲ್ಲ.

"ಭಾವ, ನಮ್ಮೋರು ಅಲ್ಲಿ ಏನ್ ಕೆಲ್ಸ ಮಾಡ್ತಾರೆ?"

"ಅದ್ಯಾಕವ್ವ ಈಗ?"

"ಹೇಳಿ."

"ಹಸ ಕರೀತಾನೆ." ಕುಡುಗೋಲು ಕೆಳಗಿಟ್ಟರು.

"ಮತ್ತೆ ಮೇಷ್ಟ್ರಿಗ್ಯಾಕೆ ಮ್ಯಾನೇಜರ್ರು ಅಂದ್ರಿ?"

"ನಮ್ ಪವಿತ್ರಂಗೆ ಕೆ.ಆರ್. ಪೇಟೆ ಕಡೆಯಿಂದ ಸಂಬಂಧ ಬಂದದೆ. ಚಿಕ್ಕಪ್ಪ ಫಾರಿನ್ನಲ್ಲಿ ಮ್ಯಾನೇಜರು ಅಂತ ಯೋಳಿವ್ನಿ. ಈಗ ಅವ್ನ ಮಗ್ಳೇ ಧರ್ಮದ ದುಡ್ಡಲ್ಲಿ ಓದ್ತಾವ್ಳೆ ಅಂತ ಊರೆಲ್ಲ ಆಗೋದ್ರೆ ಗಂಡಿನ ಕಡೆಯೋರು ಏನನ್ಕತ್ತಾರೆ? ಮದ್ವೆ ಆಗೋಗಂಟ ತಡ್ಕೊ ತಾಯಿ."

"ಕಾಲೇಜಿನೋರು ತಡ್ಕೊಳಲ್ಲ ಭಾವ. ಈ ವಾರ ಬಿಟ್ರೆ ಸೀಟು ಹೋಯ್ತದೆ."

"ಅಂಗಾದ್ರೆ ಮುಂದಿನ್ ವರ್ಷ ಸೇರ್ಸು. ಹೆಣ್ ಮಗ, ಏನವಸರ?"

ಹುಲ್ಲಿನ ಕಂತೆ ಎತ್ತಿ ಮುಖಕ್ಕೆ ಎಸೆಯುವಷ್ಟು ಸಿಟ್ಟು ಬಂತು. ತಮ್ಮ ಮಗಳ ಮದುವೆಗೆ ಅವಸರವಿದೆ, ನನ್ನ ಮಗಳ ಓದಿಗೆ ಇಲ್ಲ. ಬಿಸಿಲು ನೆತ್ತಿ ಸುಡುವ ದೇಶದಲ್ಲಿ ನನ್ನ ಗಂಡ ಬೆನ್ನು ಬಗ್ಗಿಸಿ ದುಡಿದದ್ದೆಲ್ಲ ಇವರ ಜಂಬಕ್ಕೆ ಗೊಬ್ಬರವಾಯಿತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಮೇಲುಕೋಟೆ ಬೆಟ್ಟ ಕಾಣುವವರೆಗೂ ಹಲ್ಲು ಕಡಿಯುತ್ತಲೇ ಇದ್ದೆ. ಇವರ ಮರ್ಯಾದೆಯನ್ನು ಇವರ ಡೈರಿಯ ಮುಂದೆಯೇ ಹಾಲಿಗೆ ನೀರು ಬೆರೆಸಿದ ಹಾಗೆ ತೆಳ್ಳಗೆ ಮಾಡದಿದ್ದರೆ ನಾನು ನನ್ನಪ್ಪನ ಮಗಳೇ ಅಲ್ಲ ಅಂದುಕೊಂಡೆ.

ದಾರಿಯನ್ನು ಅಕ್ಕನೇ ತೋರಿಸಿಕೊಟ್ಟರು. ಮಾರನೇ ದಿನ ಫೋನು ಮಾಡಿ, "ಬುಧವಾರ ಗಂಡಿನ ಕಡೆಯೋರು ಮನೆ ನೋಡಕ್ಕೆ ಬತ್ತಾವ್ರೆ ಕಣವ್ವ. ಸಿಟ್ಟೆಲ್ಲ ಬುಟ್ಟು ನೀನೂ ಬಂದು ಓಡಾಡ್ಕೊಂಡಿರು. ಫಾರಿನ್ ಸೀರೆ ಉಟ್ಕೊಂಡು ಬಾ" ಎಂದರು. ನಾನು ಆಗಲಿ ಅಕ್ಕ ಎಂದೆ. ಆಮೇಲೆ ಮೇಷ್ಟ್ರಿಗೆ ಫೋನು ಮಾಡಿ ಬುಧವಾರ ಸಾಯಂಕಾಲ ಹಾಲು ಹಾಕುವ ಹೊತ್ತಿಗೆ ಬನ್ನಿ ಎಂದೆ.

ಗಂಡನಿಗೂ ಎಲ್ಲವನ್ನೂ ಹೇಳಿದೆ.

"ಅಣ್ಣ ಅಂಗಂದ್ನಾ?"

"ಅಂಗೇ ಅಂದ್ರು."

"ನಿನ್ ಫೋನಲ್ಲಿ ನನ್ನ ತೋರ್ಸು. ನಾನೇನ್ ಕಳ್ತನ ಮಾಡ್ತಿವ್ನಾ? ಆದ್ರೆ ಪವಿತ್ರನ ಸಂಬಂಧ ಕೆಡ್ಬಾರ್ದು."

"ಕೆಟ್ರೆ ಕೆಡ್ಲಿ" ಎಂದೆ. ಪವಿತ್ರ ನನ್ನನ್ನು ಚಿಕ್ಕವ್ವ ಚಿಕ್ಕವ್ವ ಎಂದು ಸೆರಗು ಹಿಡಿದುಕೊಂಡು ಬೆಳೆದ ಹುಡುಗಿ. ಆದರೂ ಅಂದೆ, ಆ ಹೊತ್ತಿಗೆ ನನಗೆ ಹಾಗೇ ಅನ್ನಿಸಿತ್ತು.

ಬುಧವಾರ ಗಂಡಿನ ಅಪ್ಪ ಚಿಕ್ಕೇಗೌಡರು ಕಾರಿನ ತುಂಬ ಜನರನ್ನು ಕರೆದುಕೊಂಡು ಬಂದರು. ಬೋಂಡ, ಕಾಫಿ ಎಲ್ಲ ಆಯಿತು. ಫಾರಿನ್ ಸೀರೆ ಉಟ್ಟು ನಾನೇ ತಟ್ಟೆ ಹಿಡಿದು ಓಡಾಡಿದೆ. ಮನೆಗೆ ಯಾರೇ ಬಂದಿರಲಿ, ಹೊತ್ತಾದರೆ ಡೈರಿ ಬಾಗಿಲು ತೆಗೆಯಲೇಬೇಕು, ಭಾವ ಎದ್ದರು. ಮಾತು ಬಿಡಲಾರದೆ ಚಿಕ್ಕೇಗೌಡರೂ ಅವರ ಹಿಂದೆಯೇ ನಡೆದರು. ನಾನೂ ಹೋದೆ. ಡೈರಿ ಮುಂದೆ ಊರಿನ ಅರ್ಧ ಜನ ಕ್ಯಾನು, ತಂಬಿಗೆ ಹಿಡಿದು ಸಾಲಾಗಿ ನಿಂತಿದ್ದರು. ಮೇಷ್ಟ್ರ ಸ್ಕೂಟರು ಬಂದು ನಿಂತಿತು. ಭಾವನ ಮುಖ ಅಲ್ಲಿಗೇ ಕಪ್ಪಿಟ್ಟಿತು, ನನ್ನ ಹೊಟ್ಟೆ ತಣ್ಣಗಾಯಿತು.

"ಮೇಷ್ಟ್ರೆ, ನಮ್ಮ ಮನೆ ಮ್ಯಾನೇಜರ್ರು ಫೋನಲ್ಲವ್ರೆ. ನೀವೇ ನೋಡಿ" ಎಂದು ವಿಡಿಯೋ ಕಾಲ್ ಹಚ್ಚಿ ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ.

ನನ್ನ ಗಂಡ ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿಕೊಂಡು, ಕೈಯಲ್ಲಿ ನೀರಿನ ಪೈಪು ಹಿಡಿದು ನಿಂತಿದ್ದರು. ಅಂಗಿಯ ಮೇಲೆ ಸಗಣಿ ಸಿಡಿದಿತ್ತು. ಹಿಂದೆ ಹಸುಗಳು ಒಂದರ ಪಕ್ಕ ಒಂದು ನಿಂತಿದ್ದವು, ಮಿಷನ್ನಿನ ಸದ್ದು ಕೇಳುತ್ತಿತ್ತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಕೃಷ್ಣೇಗೌಡ್ರೆ, ಏನು ಕೆಲಸ ನಿಮ್ಮದು?"

"ಇದೇ ಸಾ. ಹಸ ಕರ್ಯೋದು, ತೊಳ್ಯೋದು."

ಮೇಷ್ಟ್ರು ತಿರುಗಿ ನಿಂತು, "ಏನ್ರೀ ನಂಜೇಗೌಡ್ರೆ, ಇದು ನಿಜವಾ?" ಎಂದರು.

"ನಿಜ ಸಾ" ಎಂದರು ಭಾವ, ನೆಲ ನೋಡಿಕೊಂಡು.

"ಜೋರಾಗಿ ಹೇಳಿ ಭಾವ, ಮೇಷ್ಟ್ರಿಗೆ ಕಿವಿ ಮಂದ" ಎಂದೆ ನಾನು. ಮೇಷ್ಟ್ರ ಕಿವಿ ಚೆನ್ನಾಗಿಯೇ ಇತ್ತು. ಭಾವ ಇನ್ನೊಂದು ಸಲ, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ನಿಜ ಸಾ, ಹಸ ಕರೀತಾನೆ ನನ್ ತಮ್ಮ" ಎಂದರು.

ಇನ್ನು ಚಿಕ್ಕೇಗೌಡರು ತಿರುಗಿ ಹೋಗಿ ಕಾರು ಹತ್ತುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ನನ್ನ ಕೈಯಿಂದ ಫೋನು ಕಿತ್ತುಕೊಂಡರು.

"ಗೌಡ್ರೆ, ಅಲ್ಲಿ ಮಗ್ಗುಲಲ್ಲಿ ನಿಂತದಲ್ಲ ಆ ಕರೇದು, ಅದೆಷ್ಟ್ ಕೊಡ್ತದೆ ಒಂದೊತ್ತಿಗೆ? ಹಿಂಡಿ ಏನಾಕ್ತೀರಿ? ಕೆಚ್ಚಲ ಬಾವು ಬಂದ್ರೆ ಏನ್ ಮಾಡ್ತೀರಿ ಅಲ್ಲಿ?" ನನ್ನ ಗಂಡನೋ, ಕೇಳುವವರು ಸಿಕ್ಕಿದ್ದೇ ಸಾಕೆಂದು ಒಂದೊಂದೇ ಹಸುವಿನ ಹತ್ತಿರ ಹೋಗಿ ತೋರಿಸತೊಡಗಿದರು. ಸಾಲಿನಲ್ಲಿದ್ದವರು ಕ್ಯಾನು ಕೆಳಗಿಟ್ಟು ಫೋನಿನ ಸುತ್ತ ಮುತ್ತಿಕೊಂಡರು. ಕೊನೆಗೆ ಚಿಕ್ಕೇಗೌಡರು ಭಾವನ ಹೆಗಲು ತಟ್ಟಿ, "ಮ್ಯಾನೇಜರು ಅಂದ್ಬುಟ್ಟಿದ್ರಲ್ಲ, ಅಂಥೋರು ಮನೆಗೆ ಬಂದ್ರೆ ಎಲ್ಲಿ ಕೂರ್ಸೋದು ಅಂತ ನಮ್ಮೋಳು ಒದ್ದಾಡ್ತಿದ್ಲು. ಹಸ ಕರ್ಯೋನಾದ್ರೆ ನಮ್ಮೋನೆ ಬುಡಿ" ಎಂದರು. ಸಂಬಂಧ ಅಲ್ಲೇ ಗಟ್ಟಿಯಾಯಿತು.

ನನಗೆ ಖುಷಿಯಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಅರ್ಧ ಊಟಕ್ಕೇ ಎಲೆ ಎತ್ತಿದ ಹಾಗಾಯಿತು. ಭಾವ ಅಂದು ತಲೆ ಎತ್ತಬಾರದಿತ್ತು, ಬೀಗರ ಕೈ ಹಿಡಿದು ನಗುತ್ತ ಮನೆಗೆ ನಡೆದರು. ಆದರೂ ನನ್ನ ಕೆಲಸ ಆಗಿತ್ತು. ಮೇಷ್ಟ್ರು ಸ್ಕೂಟರು ಹತ್ತುವಾಗ, "ಕಮಿಟಿಗೆ ನಾನು ಹೇಳ್ತೀನಿ ತಾಯಿ" ಎಂದರು. ಹೇಳಿದರು ಕೂಡ. ಚೈತ್ರಳಿಗೆ ಸ್ಕಾಲರ್‌ಶಿಪ್ಪು ಮಂಜೂರಾಯಿತು, ಕೋರ್ಸು ಮುಗಿಯುವವರೆಗೆ. ಕಾಲೇಜಿನ ಗಾಜಿನ ಕಿಂಡಿಯ ಮುಂದೆ ಹೋಗಿ ನಿಂತು, ಆ ಹುಡುಗನಿಗೆ, "ಎನ್ನಾರೈ ಕೋಟಾ ಬೇಡ, ನಮ್ಮೂರಿನವರೇ ಓದಿಸ್ತಾರೆ" ಎಂದು ಹೇಳಿಯೇ ಬಂದೆ.

ಶರತ್ತು ತಿಳಿದದ್ದು ಸಹಿ ಹಾಕುವ ದಿನ. ಅಪ್ಪನೋ ಅಮ್ಮನೋ ಹೊರದೇಶದಲ್ಲಿ ದುಡಿಯುತ್ತಿರುವವರೆಗೆ ಮಾತ್ರ ಈ ಸಹಾಯ. ವಾಪಸ್ಸು ಬಂದು ನೆಲೆ ನಿಂತರೆ ಆ ವರ್ಷದಿಂದಲೇ ನಿಲ್ಲುತ್ತದೆ. ಮಗು ಫೇಲಾದರೂ ನಿಲ್ಲುತ್ತದೆ. ಟ್ರಸ್ಟು ಕಟ್ಟಿದವರು ಹಾಗೇ ಬರೆದಿಟ್ಟಿದ್ದಾರೆ, ಬದಲಾಯಿಸುವ ಹಾಗಿಲ್ಲ.

"ನಮ್ಮೋರು ಈ ವರ್ಷ ಬಂದುಬಿಡ್ಬೇಕು ಅಂತಿದ್ರು ಮೇಷ್ಟ್ರೆ" ಎಂದೆ.

"ರಜಕ್ಕೆ ಬಂದುಹೋಗ್ಲಿ ತಾಯಿ" ಎಂದರು ಅವರು, ತುಂಬ ಮೆತ್ತಗೆ.

ಸಹಿ ಹಾಕಿದೆ. ಫೋನಿನಲ್ಲಿ ಹೇಳಿದಾಗ ನನ್ನ ಗಂಡ, "ಓದ್ಲಿ ಬುಡು" ಎಂದಷ್ಟೇ ಅಂದು, ಕರು ಹಾಕಿದ ಯಾವುದೋ ಹಸುವಿನ ಮಾತು ತೆಗೆದರು. ಚೈತ್ರಳಿಗೆ ನಾನು ಹೇಳಲಿಲ್ಲ. ಅವಳು ರೈಲಿನ ಪಾಸು ಮಾಡಿಸಿಕೊಂಡು ಕಾ‌ಲೇಜಿಗೆ ಹೋಗುವುದಕ್ಕೆ ಶುರುಮಾಡಿದಳು. ಅಲ್ಲಿದ್ದಾಗ ಊರು ಯಾವಾಗ ಎಂದು ಕಾಯುತ್ತಿದ್ದೆ. ಈಗ ಊರಿನಲ್ಲಿ ಕೂತು ಸಲಾಲಾದ ಹೊತ್ತು ಎಷ್ಟಾಯಿತೆಂದು ನೋಡುತ್ತಿರುತ್ತೇನೆ.

ಮೊನ್ನೆ ಭಾವ ಪವಿತ್ರಳ ಲಗ್ನಪತ್ರಿಕೆ ಕೊಡುವುದಕ್ಕೆ ಪಾಂಡವಪುರಕ್ಕೆ ಬಂದರು. ನಾನು ಕುರ್ಚಿ ತೋರಿಸಿದೆ, ಕಾಫಿ ಕೊಡಲಿಲ್ಲ. ಅವರು ಕುಂಕುಮ ಹಚ್ಚಿದ ಪತ್ರಿಕೆಯನ್ನು ಟೇಬಲ್ಲಿನ ಮೇಲಿಟ್ಟು, "ಆವತ್ತು ತಪ್ಪಾಯ್ತು ಕಣವ್ವ" ಎಂದರು. ನಾನು ಪತ್ರಿಕೆಯನ್ನು ಪಕ್ಕಕ್ಕೆ ಸರಿಸಿದೆ.

"ಕೃಷ್ಣ ಯಾವಾಗ ಬಂದ್ಬುಡ್ತಾನೆ? ಬೀಗ್ರೂ ಕೇಳ್ತಾವ್ರೆ. ಅವ್ನು ಬಂದ್ರೆ ಹಿತ್ಲಲ್ಲಿ ದೊಡ್ದಾಗಿ ಕೊಟ್ಗೆ ಕಟ್ಸಿ, ಅಲ್ಲಿ ಥರ ಮಿಷನ್ ಹಾಕಣ ಅಂತಿವ್ನಿ. ಅಣ್ತಮ್ಮ ಒಟ್ಗಿರ್ಬೋದು. ನಂಗೂ ವಯಸ್ಸಾಯ್ತು."

ನನಗೆ ಬೇಕಾಗಿದ್ದ ಹೊತ್ತು ಬಂದಿತ್ತು. ಡೈರಿ ಮುಂದೆ ಅರ್ಧಕ್ಕೇ ನಿಂತದ್ದನ್ನು ಪೂರ್ತಿ ಮಾಡಿದೆ.

"ಬರಲ್ಲ ಭಾವ. ಅವರು ಬಂದ್ರೆ ಚೈತ್ರನ ಸ್ಕಾಲರ್‌ಶಿಪ್ಪು ನಿಂತೋಯ್ತದೆ. ಓದು ಮುಗಿಯೋವರೆಗೂ ಬರೋ ಹಂಗಿಲ್ಲ. ನಿಮ್ಮ ತಮ್ಮ ನಿಮಗೆ ಸಿಗಲ್ಲ."

ಒಂದೊಂದೇ ಮಾತನ್ನು ನಿಧಾನವಾಗಿ, ಚೆನ್ನಾಗಿ ಕೇಳುವ ಹಾಗೆ ಹೇಳಿದೆ. ಅವರ ಮುಖ ಇಳಿದುಹೋಯಿತು. ನೋಡಬೇಕೆಂದೇ ಹೇಳಿದ್ದೆ, ಕಣ್ತುಂಬ ನೋಡಿದೆ. ಆಮೇಲೆ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಚೈತ್ರ ಕಾಲೇಜಿನಿಂದ ಬಂದು ಅಲ್ಲೇ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ, ಬ್ಯಾಗು ಹೆಗಲಿಂದ ಇಳಿಸಿರಲಿಲ್ಲ.

"ಅಂಗಾದ್ರೆ ನಾನ್ ಫೇಲಾದ್ರೆ ಅಪ್ಪ ಬಂದ್ಬುಡ್ತಾರಾ ಅವ್ವ?"

ಇಲ್ಲ ಅಂದರೆ ಸುಳ್ಳು, ಹೌದು ಅಂದರೆ ಅವಳ ಓದು ಹೋಯಿತು. ಬರಲಿ ಎಂದು ನನಗೂ ಎಷ್ಟು ಆಸೆಯಿತ್ತೆಂಬುದು ಆ ಹೊತ್ತಿಗೆ ಗೊತ್ತಾಯಿತು. ಎದ್ದು ಅವಳ ಹತ್ತಿರ ಹೋದದ್ದು ಭಾವ. ಅವಳ ಬ್ಯಾಗು ಇಳಿಸಿಕೊಂಡು, ತಲೆ ಮೇಲೆ ಕೈಯಿಟ್ಟರು.

"ಅಂಗನ್ಬ್ಯಾಡ ಕಣ್ ಮಗಾ. ನೀನ್ ಓದು. ಅವ್ನು ಅಲ್ಲೇ ಇರ್ಲಿ."

ಆ ಮಾತಿಗೂ ನನಗೆ ಅವರ ಮೇಲೆ ಸಿಟ್ಟು ಬಂತು. ಅದನ್ನು ನಾನು ಹೇಳಬೇಕಾಗಿತ್ತು, ಅವರು ಹೇಳಿಬಿಟ್ಟಿದ್ದರು.